ಆಟದ ಜಾಣತನ ಪಾಠಕ್ಕೆ ದಾಟುವುದಿಲ್ಲ

ಕಿತ್ತೂರಿನ ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ಶಾಲೆಗೋ ನವೋದಯಕ್ಕೋ ಮಕ್ಕಳನ್ನು ಸೇರಿಸಲು ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಂದೆತಾಯಿ ಪಡುವ ಪಾಡು ಸಣ್ಣದಲ್ಲ. ನವೋದಯದ ಪ್ರವೇಶ ಪರೀಕ್ಷೆಯ 100 ಅಂಕಗಳಲ್ಲಿ 50 ‘ಮಾನಸಿಕ ಸಾಮರ್ಥ್ಯ’ಕ್ಕೇ ಮೀಸಲು. ನೆನಪಿನ ಶಕ್ತಿ ಹೆಚ್ಚಿಸುತ್ತೇವೆ, ಬುದ್ಧಿ ಚುರುಕುಗೊಳಿಸುತ್ತೇವೆ ಎನ್ನುವ ಮೊಬೈಲ್ ಆಟಗಳ ಜಾಹೀರಾತು ನಾಟುವುದು ಈ ಆತಂಕಕ್ಕೇ. ಅಂಥ ಆಟಗಳಿಗೆ ಪೋಷಕರಾಗಲಿ ಶಾಲೆಗಳಾಗಲಿ ಒಂದು ರೂಪಾಯಿಯನ್ನೂ ಕೊಡಬಾರದು. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇಂಥ ಆಟಗಳ ಫಲ ಅಳೆಯಲು 11,430 ಜನರನ್ನು ಆರು ವಾರ ಗಮನಿಸಿತು. ಆಡಿದವರು ಆಡಿದ ಆಟದಲ್ಲಿ ಪಳಗಿದರು. ಅದನ್ನೇ ಹೋಲುವ ಬೇರೆ ಪರೀಕ್ಷೆಗೂ ಆ ಪಳಗಿಕೆ ನೆರವಾಗಲಿಲ್ಲ. 2016ರಲ್ಲಿ ಇಂಥ ಆಟಗಳನ್ನು ಮಾರುವ ಲುಮೋಸಿಟಿ ಕಂಪನಿ, ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪದ ಇತ್ಯರ್ಥಕ್ಕಾಗಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು.

ಹೀಗೇಕೆ ಎಂಬುದು ನಮ್ಮ ಸಂತೆಗಳಲ್ಲೇ ತಿಳಿಯುತ್ತದೆ. ಅಪ್ಪನ ಪಕ್ಕ ಕುಳಿತ ಹುಡುಗ ಕಿಲೋಗೆ 40 ರೂಪಾಯಿಯ ಬದನೆಕಾಯಿಯನ್ನು ಮುಕ್ಕಾಲು ಕಿಲೋ ತೂಗಿ, ನೂರರ ನೋಟಿಗೆ 70 ರೂಪಾಯಿ ಬಾಯಿಲೆಕ್ಕದಲ್ಲೇ ತಿರುಗಿ ಕೊಡುತ್ತಾನೆ. ಅದೇ ಹುಡುಗ ಕರಿಹಲಗೆಯ ಮೇಲಿನ ಭಾಗಾಕಾರಕ್ಕೆ ತಡವರಿಸಬಹುದು. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕಂಡದ್ದೂ ಇದನ್ನೇ. ಆ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಷ್ಟೇ ಲೆಕ್ಕ ಕಲಿತ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಮುಗ್ಗರಿಸಿದರು. ಒಂದು ಲೆಕ್ಕದಿಂದ ಇನ್ನೊಂದು ಲೆಕ್ಕಕ್ಕೇ ದಾಟದ ಜಾಣತನ, ಪರದೆಯ ಮೇಲೆ ಮಿನುಗುವ ಬಣ್ಣದ ಚೌಕಗಳನ್ನು ನೆನಪಿಡುವ ಆಟದಿಂದ ಸಮಾಜ ವಿಜ್ಞಾನದ ಪಾಠಕ್ಕೆ ದಾಟೀತೆ?

ಬುದ್ಧಿಗೆ ತರಬೇತಿ ಕೊಟ್ಟು ನೋಡಿದ ಅಮೆರಿಕದ ‘ಆ್ಯಕ್ಟಿವ್’ ಪ್ರಯೋಗದಲ್ಲಿ ಫಲ ಸಿಕ್ಕಿತಲ್ಲ ಎನ್ನುವವರಿದ್ದಾರೆ. ಸಿಕ್ಕಿದ್ದು ನಿಜ. ಆದರೆ ಅದರಲ್ಲಿದ್ದ 2,832 ಜನರೂ 65 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರು. ಹತ್ತು ವರ್ಷದ ನಂತರ ತರ್ಕ ಮತ್ತು ವೇಗದ ತರಬೇತಿಯ ಪರಿಣಾಮ ಉಳಿದಿತ್ತು, ನೆನಪಿನ ತರಬೇತಿಯದು ಉಳಿದಿರಲಿಲ್ಲ. ಅದನ್ನು ತೋರಿಸಿ ಐದನೇ ತರಗತಿಯ ಮಗುವಿಗೆ ಆ್ಯಪ್ ಮಾರುವುದು ತಪ್ಪು. ಹಳ್ಳಿ ಮಕ್ಕಳಿಗೆ ತಂತ್ರಜ್ಞಾನ ಬೇಡವೇ ಎಂಬ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಖಂಡಿತ ಬೇಕು. ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಅದು ಆಟದಲ್ಲಿ ಅಭ್ಯಾಸ ಮಾಡಿಸುವುದು ಶಾಲೆಯ ಗಣಿತವನ್ನೇ. ಭಿನ್ನರಾಶಿ ಬರಬೇಕಾದ ಮಗು ಭಿನ್ನರಾಶಿಯನ್ನೇ ಆಡಲಿ. ಬುದ್ಧಿ ಹೆಚ್ಚಿಸುವ ಆ್ಯಪ್ ಹಿಡಿದು ಯಾರಾದರೂ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬಂದರೆ, ಅದನ್ನು ಆಡಿದ ಮಕ್ಕಳು ಆಡದ ಮಕ್ಕಳಿಗಿಂತ ಓದಿನಲ್ಲಿ, ಲೆಕ್ಕದಲ್ಲಿ ಎಷ್ಟು ಮುಂದೆ ಹೋದರು, ಅದನ್ನು ಅಳೆದವರು ಯಾರು ಎಂದು ಸದಸ್ಯರು ಕೇಳಬೇಕು. ಉತ್ತರ ಕೈಗೆ ಬರುವವರೆಗೆ ಸಹಿ ಹಾಕಬಾರದು.