ಮೊದಲ ಸ್ಕೂಬಾ ಕಾರ್ಡ್ ಬಂತು, ಮುಂದಿನ ಕೋರ್ಸಿಗೆ ಅವಸರ ಯಾಕೆ?

ರಜೆ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೇಕರಿ, ಹೋಟೆಲ್, ಅಂಗಡಿ ಇಟ್ಟುಕೊಂಡಿರುವ ನಮ್ಮ ಬ್ಯಾರಿ ಮನೆಗಳ ಮಕ್ಕಳು ಕರಾವಳಿಗೆ ಇಳಿಯುತ್ತಾರೆ. ಮೊದಲೆಲ್ಲ ಅಜ್ಜಿ ಮನೆ, ಒಂದೆರಡು ಮದುವೆ, ಪಣಂಬೂರು ಬೀಚ್, ಅಷ್ಟಕ್ಕೆ ಮುಗಿಯುತ್ತಿತ್ತು. ಈಗ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡುವುದೂ ಸೇರಿಕೊಂಡಿದೆ. 2022ರಲ್ಲಿ ಪುನೀತ್ ಅವರ ‘ಗಂಧದ ಗುಡಿ’ ಬಂದ ಮೇಲಂತೂ ಈ ಆಸೆ ಹಲವರಿಗೆ ಹತ್ತಿದೆ. ಕೆಲವು ಹುಡುಗರು ಒಂದು ದಿನದ ಮುಳುಗಿಗೆ ನಿಲ್ಲದೆ ಮೊದಲ ಕೋರ್ಸನ್ನೂ ಮುಗಿಸಿ ಬರುತ್ತಾರೆ. ಬಂದವರು ಮರುದಿನವೇ ಕೇಳುವ ಪ್ರಶ್ನೆ: ‘ಅಡ್ವಾನ್ಸ್ಡ್ ಕೋರ್ಸ್ ಯಾವಾಗ ಮಾಡಲಿ?’

ಮಾಡಬೇಕು, ಆದರೆ ಈಗಲೇ ಬೇಡ. ಇದು ನನ್ನ ಅಭಿಪ್ರಾಯ.

ಯಾವ ಕಾರ್ಡ್ ಏನು ಹೇಳುತ್ತದೆ ಎಂಬುದು ಮೊದಲು ಮನೆಯವರಿಗೆ ಗೊತ್ತಿರಬೇಕು. ಪ್ರವಾಸಿಗರಿಗೆ ಮಾಡಿಸುವ ಒಂದು ದಿನದ ಮುಳುಗು ತರಬೇತಿಯೇ ಅಲ್ಲ, ಬರೀ ರುಚಿ ನೋಡುವುದು. ಅದರಲ್ಲಿ ಇನ್‌ಸ್ಟ್ರಕ್ಟರ್ ಜೊತೆಗೆ ಗರಿಷ್ಠ 12 ಮೀಟರ್. ಪ್ಯಾಡಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ‘ಓಪನ್ ವಾಟರ್’ ಕೋರ್ಸಿನಲ್ಲಿ ನಾಲ್ಕು ಬಾರಿ ಸಮುದ್ರಕ್ಕಿಳಿಯಬೇಕು, 200 ಮೀಟರ್ ಈಜಿ ತೋರಿಸಬೇಕು, 10 ನಿಮಿಷ ತೇಲಬೇಕು. ದೊಡ್ಡವರಿಗೆ ಅದರ ಮಿತಿ 18 ಮೀಟರ್. ‘ಅಡ್ವಾನ್ಸ್ಡ್’ ಎಂದರೆ ಇನ್ನು ಐದು ಡೈವ್, ಮಿತಿ 30 ಮೀಟರ್. ಅಂದರೆ ಒಂಬತ್ತೇ ಡೈವ್ ಮಾಡಿದವನ ಕೈಯಲ್ಲೂ ‘ಅಡ್ವಾನ್ಸ್ಡ್’ ಎಂಬ ಕಾರ್ಡ್ ಇರಬಹುದು. ಹೆಸರು ದೊಡ್ಡದು, ಅನುಭವ ಸಣ್ಣದು. ಅಪಾಯ ಇರುವುದು ಇಲ್ಲೇ.

18 ಮೀಟರಿಗೂ 30 ಮೀಟರಿಗೂ ಏನು ಮಹಾ ವ್ಯತ್ಯಾಸ ಅಂತ ಕೇಳಬಹುದು. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 30 ಮೀಟರಿನಲ್ಲಿ ಸಿಲಿಂಡರಿನ ಗಾಳಿ ಮೇಲಿದ್ದಾಗಿನ ನಾಲ್ಕು ಪಟ್ಟು ವೇಗದಲ್ಲಿ ಖಾಲಿಯಾಗುತ್ತದೆ. ಪ್ಯಾಡಿಯ ಕೋಷ್ಟಕದ ಪ್ರಕಾರ ಮೊದಲ ಡೈವಿನಲ್ಲಿ 18 ಮೀಟರಿಗೆ 56 ನಿಮಿಷ ಇರಬಹುದು, 30 ಮೀಟರಿಗೆ 20 ನಿಮಿಷ ಮಾತ್ರ. ಅದರ ಮೇಲೆ, ಆ ಆಳದಲ್ಲಿ ನೈಟ್ರೋಜನ್‌ನಿಂದ ಕೆಲವರಿಗೆ ಮಂಪರು ಬರುತ್ತದೆ. ಗಾಬರಿಗೊಂಡು ಉಸಿರು ಬಿಗಿ ಹಿಡಿದು ಮೇಲಕ್ಕೆ ಧಾವಿಸಿದರೆ ಶ್ವಾಸಕೋಶಕ್ಕೇ ಪೆಟ್ಟು. ಕೈಕಾಲಿಗೆ ಅಭ್ಯಾಸ ಆಗದವನು ಅಲ್ಲಿ ಯೋಚನೆ ಮಾಡುವಷ್ಟರಲ್ಲಿ ಗಾಳಿಯೂ ಸಮಯವೂ ಮುಗಿದಿರುತ್ತದೆ.

ಹಾಗಾದರೆ ಯಾವಾಗ? ಲೆಕ್ಕ ಹಾಕಬೇಕಾದದ್ದು ತಿಂಗಳುಗಳನ್ನಲ್ಲ, ಅಭ್ಯಾಸವನ್ನು. ಹಗ್ಗ ಹಿಡಿಯದೆ 5 ಮೀಟರಿನಲ್ಲಿ ಮೂರು ನಿಮಿಷ ಮೇಲೂ ಹೋಗದೆ ಕೆಳಗೂ ಇಳಿಯದೆ ನಿಲ್ಲಲು ಬರುತ್ತದೆಯೇ? ಮಾಸ್ಕಿನೊಳಗೆ ನೀರು ನುಗ್ಗಿದರೆ ಗಾಬರಿಯಾಗದೆ ತೆಗೆಯುತ್ತಾನೆಯೇ? ಯಾರೂ ನೆನಪಿಸದೆ ತಾನೇ ಗಾಳಿಯ ಗೇಜ್ ನೋಡುತ್ತಾನೆಯೇ? ತನ್ನ ಸಾಮಾನು ತಾನೇ ಜೋಡಿಸಿಕೊಂಡು, ಜೊತೆಗಾರನದನ್ನೂ ಪರೀಕ್ಷಿಸುತ್ತಾನೆಯೇ? ಮನಸ್ಸು ಸರಿ ಇಲ್ಲದ ದಿನ ‘ಇವತ್ತು ಬೇಡ’ ಅನ್ನುವ ಧೈರ್ಯ ಇದೆಯೇ? ಈ ಐದಕ್ಕೂ ಹೌದು ಎಂದರೆ ಮುಂದಿನ ಕೋರ್ಸಿಗೆ ಸಮಯ ಬಂತು. ಒಬ್ಬನಿಗೆ ಹತ್ತು ಡೈವ್ ಸಾಕು, ಇನ್ನೊಬ್ಬನಿಗೆ ಇಪ್ಪತ್ತೈದು ಬೇಕಾದೀತು.

ಇದಕ್ಕೆ ಎದುರು ಮಾತೂ ಇದೆ. ನಿಯಮದ ಪ್ರಕಾರ ಎರಡು ಕೋರ್ಸಿನ ನಡುವೆ ಇಷ್ಟೇ ಡೈವ್ ಆಗಬೇಕು ಅಂತಿಲ್ಲ. ‘ನಮಗೆ ಸಮುದ್ರ ಸಿಗುವುದೇ ವರ್ಷಕ್ಕೊಮ್ಮೆ, ಒಬ್ಬನೇ ಮುಳುಗುವುದಕ್ಕಿಂತ ಇನ್‌ಸ್ಟ್ರಕ್ಟರ್ ಕೈಕೆಳಗೆ ಇನ್ನೈದು ಡೈವ್ ಒಳ್ಳೆಯದಲ್ಲವೇ’ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಆ ಐದರಲ್ಲಿ ಒಂದು ಕಡ್ಡಾಯವಾಗಿ ಆಳದ್ದೇ. ಇನ್‌ಸ್ಟ್ರಕ್ಟರ್ ಜೊತೆ ಬೇಕಾದರೆ 12-15 ಮೀಟರಿನಲ್ಲೇ ಇನ್ನಷ್ಟು ಡೈವ್ ಮಾಡಬಹುದು, ಅದಕ್ಕೆ ಹೊಸ ಕಾರ್ಡ್ ಬೇಡ. ವರ್ಷ ಬಿಟ್ಟು ಹೋಗುವವನಿಗೆ ಮೊದಲು ಬೇಕಾದ್ದು ಕಲಿತದ್ದನ್ನು ಈಜುಕೊಳದಲ್ಲಿ ಮತ್ತೆ ನೆನಪಿಸಿಕೊಳ್ಳುವ ಅರ್ಧ ದಿನದ ಪಾಠ. ‘ಇವತ್ತೇ ಸೇರಿದರೆ ರಿಯಾಯಿತಿ’ ಎಂಬ ಮಾತಿಗೆ ಮರುಳಾಗಬೇಡಿ. ಸಮುದ್ರ ಮಳೆಗಾಲ ಕಳೆದು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ನಮ್ಮ ಈ ಕಡೆಯವರಿಗೆ ಇನ್ನೂ ಎರಡು ಮಾತು ಹೇಳಲೇಬೇಕು. ಒಂದು, ಮನೆಗೆ ವಾಪಸಾಗುವ ದಾರಿ. ಡೈವ್ ಮಾಡಿದ ಮೇಲೆ ಮೈಯೊಳಗೆ ನೈಟ್ರೋಜನ್ ಉಳಿದಿರುತ್ತದೆ, ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ತೊಂದರೆ ಕೊಡಬಹುದು. ವಿಮಾನ ಹತ್ತುವ ಮೊದಲು ಒಂದೇ ಡೈವ್ ಆಗಿದ್ದರೆ 12 ಗಂಟೆ, ಹೆಚ್ಚು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು. ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದರೆ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರ. ಸಂಜೆ ನೀರಿನಿಂದೆದ್ದು ರಾತ್ರಿ ಬಸ್ಸಿಗೆ ವಿಜಯಪುರ ಹಿಡಿಯುವ ಯೋಚನೆ ಬೇಡ. ಒಂದು ರಾತ್ರಿ ಕೆಳಗೇ ಉಳಿಯಿರಿ.

ಎರಡನೆಯದು ನಮ್ಮ ಕೃಷ್ಣೆ, ಭೀಮೆ, ಕಾಲುವೆಗಳು. ಆಲಮಟ್ಟಿ ಜಲಾಶಯದ ತುಂಬಿದ ಮಟ್ಟ 519.60 ಮೀಟರ್. 300 ಮೀಟರಿಗಿಂತ ಮೇಲಿನ ನೀರಿನಲ್ಲಿ ಡೈವ್ ಮಾಡಲು ಲೆಕ್ಕವೇ ಬೇರೆ, ಅದಕ್ಕೆ ಬೇರೆ ತರಬೇತಿ. ಸಿಹಿನೀರಿಗೆ ಸೊಂಟದ ತೂಕವೂ ಬೇರೆ. ಕೆಸರು ನೀರು, ಸೆಳೆತ, ಕೆಳಗೆ ಮುಳ್ಳುಕಂಟಿ, ಹಳೇ ಬಲೆ. ಯಾರಾದರೂ ಮುಳುಗಿದಾಗ ‘ನೀನು ಸ್ಕೂಬಾ ಕಲಿತವನಲ್ವಾ, ಇಳಿ’ ಎಂದು ಜನ ಹೇಳುತ್ತಾರೆ. ದಯವಿಟ್ಟು ಹೇಳಬೇಡಿ, ಹೇಳಿದರೂ ಇಳಿಯಬೇಡಿ. ಓಪನ್ ವಾಟರ್ ಆಗಲಿ ಅಡ್ವಾನ್ಸ್ಡ್ ಆಗಲಿ, ಹೊಳೆಯಲ್ಲಿ ಹುಡುಕುವ ಕೆಲಸ ಕಲಿಸುವುದಿಲ್ಲ. 112ಕ್ಕೆ ಕರೆ ಮಾಡಿ, ಹಗ್ಗ ಎಸೆಯಿರಿ, ಖಾಲಿ ಕ್ಯಾನ್ ಎಸೆಯಿರಿ.

ಹಾಗಾಗಿ ಕೈಯಲ್ಲಿ ದುಡ್ಡಿದ್ದರೆ ಮೊದಲು ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ಕಲಿಯಿರಿ ಎನ್ನುತ್ತೇನೆ. ಅದಕ್ಕೆ ಯಾವ ಡೈವಿಂಗ್ ಕಾರ್ಡೂ ಬೇಡ. ಉಮ್ಮನೂ ಕಲಿಯಬಹುದು, ಅಂಗಡಿಯ ಹುಡುಗನೂ ಕಲಿಯಬಹುದು. ಮುಂದೆ ‘ರೆಸ್ಕ್ಯೂ ಡೈವರ್’ ಕೋರ್ಸಿಗೆ ಹೋಗುವವರಿಗೆ ಅದು ಹೇಗೂ ಬೇಕಾಗುತ್ತದೆ. ಹೆಣ್ಣುಮಕ್ಕಳು ಕಲಿಯಬಾರದೇ ಎಂದರೆ, ಕಲಿಯಬಹುದು. ಡೈವಿಂಗ್ ಸೂಟ್ ಮೈತುಂಬಾ ಇರುತ್ತದೆ, ಮಹಿಳಾ ಇನ್‌ಸ್ಟ್ರಕ್ಟರ್ ಇದ್ದಾರೆಯೇ ಎಂದು ಮೊದಲೇ ಕೇಳಿ. ನೋಂಬಿನ ಹಗಲಲ್ಲಿ ಮಾತ್ರ ಡೈವ್ ಬೇಡ, ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಹೆಚ್ಚು. ಆಸ್ತಮಾ, ಕಿವಿ, ಹೃದಯದ ತೊಂದರೆ ಇದ್ದರೆ ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ, ಡಾಕ್ಟರ ಒಪ್ಪಿಗೆ ಪಡೆಯಿರಿ.

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಪ್ರವಾದಿಯವರ (ಸ) ಬೋಧನೆ ನಮಗೆಲ್ಲ ಗೊತ್ತಿದ್ದದ್ದೇ. ನೀರಿನಲ್ಲಿ ಒಂಟೆ ಕಟ್ಟುವುದೆಂದರೆ ಅಭ್ಯಾಸ. ಮಗ ಮುಂದಿನ ಕೋರ್ಸಿಗೆ ದುಡ್ಡು ಕೇಳಿದಾಗ ಬೈಯಬೇಡಿ, ತಕ್ಷಣ ಕೊಡಲೂ ಬೇಡಿ. ‘ಲಾಗ್ ಬುಕ್ ತೋರಿಸು’ ಅನ್ನಿ. ಅದರಲ್ಲಿ ಪುಟಗಳು ತುಂಬಿದ್ದರೆ ಬಿಸ್ಮಿಲ್ಲಾ ಹೇಳಿ ಕಳಿಸಿ.