ಉದ್ದು ಕಿತ್ತು ಒಯ್ದರೆ ಗದ್ದೆಗೆ ಉಳಿದದ್ದೇನು?

ಉದ್ದು ಬೆಳೆದ ಗದ್ದೆಯ ಭತ್ತಕ್ಕೆ ಯೂರಿಯಾ ಬೇಡ ಎನ್ನುವವರಿದ್ದಾರೆ. ಇದು ಅರ್ಧ ಮಾತ್ರ ನಿಜ. ನಾನೂ ನಂಬಿ ಕೈಸುಟ್ಟುಕೊಂಡವನೇ.

ನಮ್ಮ ಕರಾವಳಿಯಲ್ಲಿ ಭತ್ತ ಕೊಯ್ದ ಮೇಲೆ ಉಳಿದ ಪಸೆಯಲ್ಲೇ ಉದ್ದು ಬಿತ್ತುವುದು ರೂಢಿ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುವುದು ಸರಿಯೇ. ಆದರೆ ಅದರ ದೊಡ್ಡ ಪಾಲು ಕಾಳಿಗೆ ಹೋಗುತ್ತದೆ. ಮಿಕ್ಕದ್ದು ಸೊಪ್ಪು, ಬೇರಿನಲ್ಲಿ. ನಾವೋ, ಗಿಡವನ್ನು ಬೇರುಸಹಿತ ಕಿತ್ತು ಅಂಗಳಕ್ಕೆ ತರುತ್ತೇವೆ. ಬಡಿದು ಹೊಟ್ಟನ್ನು ದನಕ್ಕೆ ಹಾಕುತ್ತೇವೆ. ಹಟ್ಟಿಗೊಬ್ಬರ ಸೀದಾ ಅಡಿಕೆ ತೋಟಕ್ಕೆ!

ಈ ಕೊರತೆ ತುಂಬಲೆಂದು ಒಂದು ವರ್ಷ ನೇಜಿ ನೆಡುವ ಹೊತ್ತಿಗೇ ಬೈಹುಲ್ಲು ಹಾಕಿ ಉತ್ತೆ. ಪೈರು ಹಳದಿಯಾಯ್ತು. ಆ ವರ್ಷ ಊಟಕ್ಕೂ ಅಕ್ಕಿ ಕೊಂಡೆವು. ಬೈಹುಲ್ಲಲ್ಲಿ ಸಾರಜನಕ ನೂರಕ್ಕೆ ಒಂದು ಪಾಲೂ ಇಲ್ಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದದ್ದನ್ನೇ ಎಳೆದುಕೊಳ್ಳುತ್ತವೆ. ಆಮೇಲೆ ಬಿಟ್ಟುಕೊಡುತ್ತವೆ, ಹೌದು. ಆದರೆ ಎಳೆ ಪೈರು ಅಷ್ಟು ದಿನ ಕಾಯುತ್ತದೆಯೇ?

ಈಗ ಉದ್ದನ್ನು ಕತ್ತಿಯಿಂದ ಕೊಯ್ಯುತ್ತೇನೆ, ಬೇರು ಗದ್ದೆಯಲ್ಲೇ. ದನಕ್ಕೆ ಬೇಡವಾದ ಹೊಟ್ಟು ವಾಪಸ್ ಗದ್ದೆಗೆ. ದನ ತಿಂದರೂ ನಷ್ಟವಿಲ್ಲ, ಗೊಬ್ಬರದಲ್ಲಿ ಗದ್ದೆಗೊಂದು ಪಾಲು ಇಟ್ಟರಾಯ್ತು. ಬೈಹುಲ್ಲು ಹಾಕುವುದಿದ್ದರೆ ನಾಟಿಗೆ ಮೂರ್ನಾಲ್ಕು ವಾರ ಮೊದಲೇ ಉಳುತ್ತೇನೆ. ಯೂರಿಯಾ ಪೂರ್ತಿ ಬಿಟ್ಟಿಲ್ಲ. 45 ಕಿಲೋ ಚೀಲದಲ್ಲಿ ಸಾರಜನಕ ಸುಮಾರು 20 ಕಿಲೋ ಇರುತ್ತದೆ. ಎಲೆಯ ಬಣ್ಣ ನೋಡಿ, ಬೇಕಾದಷ್ಟೇ ಕಂತಿನಲ್ಲಿ ಎರಚುತ್ತೇನೆ.

ಬೆಳೆ ಬದಲಿಸಿದರೆ ಸಾಲದು. ಗದ್ದೆಯದ್ದನ್ನು ಗದ್ದೆಗೆ ಬಿಡಬೇಕು. ಈ ಸಲ ಒಂದು ಗದ್ದೆಯಲ್ಲಿ ಕಿತ್ತು, ಪಕ್ಕದ್ದರಲ್ಲಿ ಕೊಯ್ದು ನೋಡಿ. ಮುಂದಿನ ಪೈರೇ ಹೇಳುತ್ತದೆ.