ಬೆಸುಗೆಗೆ ಮುನ್ನ ಬ್ರೆಡ್‌ಬೋರ್ಡು

ಕೆಟ್ಟ ರೇಡಿಯೋ, ಹಳೆಯ ಟಾರ್ಚುಗಳನ್ನು ಬಿಚ್ಚಿ ಹರವಿಕೊಂಡು ಕೂರುವ ಮಕ್ಕಳು ಅನೇಕ ಮನೆಗಳಲ್ಲಿರುತ್ತಾರೆ. ಅವರನ್ನು ಗದರಿಸುವುದಕ್ಕಿಂತ ಅವರ ಕೈಗೊಂದು ಬ್ರೆಡ್‌ಬೋರ್ಡನ್ನು ಕೊಡುವುದು ಲೇಸೆಂದು ತಂದೆತಾಯಿಗಳಲ್ಲಿ ಈ ತಿಂಗಳು ಅರಿಕೆ ಮಾಡಿಕೊಳ್ಳುತ್ತೇನೆ.

ಹೆಸರು ವಿಚಿತ್ರವೆನಿಸಬಹುದು. ಹಿಂದೆ ಪಾಶ್ಚಾತ್ಯ ದೇಶಗಳ ರೇಡಿಯೋ ಹವ್ಯಾಸಿಗಳು ಅಡುಗೆಮನೆಯಲ್ಲಿ ಬ್ರೆಡ್ಡು ಕೊಯ್ಯುವ ಹಲಗೆಗೇ ಮೊಳೆ ಬಡಿದು, ತಂತಿ ಸುತ್ತಿ ವಿದ್ಯುನ್ಮಂಡಲ ಕಟ್ಟುತ್ತಿದ್ದರು. ಹಲಗೆ ಹೋಯಿತು, ಹೆಸರು ಉಳಿಯಿತು. ಇಂದಿನ ಪ್ಲಾಸ್ಟಿಕ್ ಹಲಗೆಯಲ್ಲಿ 2.54 ಮಿ.ಮೀ. ಅಂತರಕ್ಕೊಂದರಂತೆ ರಂಧ್ರಗಳಿರುತ್ತವೆ; ಒಳಗಿನ ಲೋಹದ ಪಟ್ಟಿಗಳು ಐದೈದು ರಂಧ್ರಗಳನ್ನು ಕೂಡಿಸುತ್ತವೆ. ಬಿಡಿಭಾಗಗಳ ಕಾಲುಗಳನ್ನು ಚುಚ್ಚಿದರೆ ಮಂಡಲ ಸಿದ್ಧ. ತಪ್ಪಾದರೆ ಕಿತ್ತು ಮತ್ತೆ ಚುಚ್ಚಬಹುದು. ಬೆಸುಗೆ ಹಾಕಿದ ಮೇಲೆ ಈ ಸ್ವಾತಂತ್ರ್ಯವಿಲ್ಲ.

ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಊರಿನ ಮಗುವಿಗೆ ಪ್ರಯೋಗದ ವಿಷಯ ಗದ್ದೆಯಲ್ಲಿಯೇ ಇದೆ. ತುಂಗಭದ್ರಾ ಎಡದಂಡೆ ನಾಲೆಯನ್ನು ನಂಬಿದ ಈ ಸೀಮೆಯಲ್ಲಿ, ತಮ್ಮ ಮಡಿಗೆ ನೀರು ಮುಟ್ಟಿತೇ ಎಂದು ರಾತ್ರಿ ಬದುವಿನ ಮೇಲೆ ಕಾಯುವ ಹಿರಿಯರನ್ನು ಕಾಣದ ಮಕ್ಕಳುಂಟೇ? ನೀರು ಬಂದೊಡನೆ ಕೂಗುವ ಗಂಟೆಗೆ 9 ವೋಲ್ಟಿನ ಬ್ಯಾಟರಿ, ಬಿ.ಸಿ. 547 ಟ್ರಾನ್ಸಿಸ್ಟರು, 1 ಕಿಲೋ ಓಮ್ ರೋಧಕ, ಬ್ಯಾಟರಿಯಿಂದಲೇ ಕೂಗುವ ಪುಟ್ಟ ಬಜರ್, ಎರಡು ತಂತಿಗಳು ಸಾಕು. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ, ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರನ್ನು ಬ್ಯಾಟರಿಯ ಋಣಕ್ಕೆ ಸೇರಿಸಿ, ಬಜರನ್ನು ಧನಕ್ಕೂ ಕಲೆಕ್ಟರಿಗೂ ನಡುವೆ ಇಡಬೇಕು. ಬಜರಿನ ಧನದ ಕಾಲು ಬ್ಯಾಟರಿಯ ಧನದ ಕಡೆಗಿರಲಿ. ಒಂದು ತಂತಿ ಧನದಿಂದ ಹೊರಡಲಿ, ಇನ್ನೊಂದು ರೋಧಕದ ಮೂಲಕ ಬೇಸನ್ನು ಸೇರಲಿ. ಎರಡರ ತುದಿಗಳನ್ನೂ ನೀರು ಮುಟ್ಟಿದಾಗ ಬೇಸಿಗೆ ಅತ್ಯಲ್ಪ ವಿದ್ಯುತ್ತು ಹರಿಯುತ್ತದೆ. ಟ್ರಾನ್ಸಿಸ್ಟರು ಅದರ ಹಲವು ಪಟ್ಟು ವಿದ್ಯುತ್ತನ್ನು ಬಜರಿಗೆ ಬಿಡುತ್ತದೆ.

ಮೊದಲು ಮನೆಯಲ್ಲಿ ಲೋಟದ ನೀರಿನಲ್ಲಿ ಪರೀಕ್ಷೆಯಾಗಲಿ. ಕೂಗದಿದ್ದರೆ ಒಡನೆ ತಿದ್ದಿಕೊಡಬೇಡಿರಿ. ಕಾಲು ತಿರುಗುಮುರುಗಾಗಿದೆಯೇ, ತುದಿಗಳು ಬಹುದೂರವಿವೆಯೇ ಎಂದು ಮಗುವೇ ಹುಡುಕಲಿ. ನಿಜವಾದ ಪಾಠ ಅಲ್ಲಿದೆ. ಇದೇ ಗಂಟೆ ಮಾಳಿಗೆಯ ತೊಟ್ಟಿ ತುಂಬಿದ್ದನ್ನೂ ತಿಳಿಸುವುದರಿಂದ ತಾಯಂದಿರಿಗೂ ಉಪಯೋಗವುಂಟು. ಸದಾ ನೀರಿನಲ್ಲಿದ್ದರೆ ಧನದ ಕಡೆಯ ತಾಮ್ರ ಬೇಗ ಸವೆಯುತ್ತದೆ. ತುದಿಗೆ ಸ್ಟೀಲಿನ ಕಡ್ಡಿ ಬಾಳಿಕೆ ಬರುತ್ತದೆ. ಗದ್ದೆಗೆ ಒಯ್ಯುವಾಗ ಮಾತ್ರ ಬ್ರೆಡ್‌ಬೋರ್ಡು ಸಲ್ಲದು, ಅಲುಗಿದರೆ ತಂತಿ ಸಡಿಲವಾಗುತ್ತದೆ. ಅದೇ ಮಂಡಲವನ್ನು ಝೀರೋ ಬೋರ್ಡಿನ ಮೇಲೆ ಬೆಸೆಯುವ ಕಾಲ ಅದು.

ಇಟಲಿಯ ಇವ್ರೆಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೋ ಹಲಗೆಯನ್ನು ಅನೇಕ ಪೋಷಕರು ಮೊದಲೇ ಕೊಂಡುಬಿಡುತ್ತಾರೆ. ಒಳ್ಳೆಯ ಸಾಧನವೇ, ಆದರೆ ಒಂದು ಟ್ರಾನ್ಸಿಸ್ಟರಿನ ಗುಟ್ಟು ತಿಳಿಯದ ಮಗು ಅದರಲ್ಲಿ ಅನ್ಯರ ಪ್ರೋಗ್ರಾಮನ್ನು ನಕಲು ಮಾಡುವುದಷ್ಟೇ ಆದೀತು. 2016ರಲ್ಲಿ ಆರಂಭವಾದ ಯೋಜನೆಯಡಿ 6ರಿಂದ 12ನೆಯ ತರಗತಿಯವರಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಹಲವು ಶಾಲೆಗಳಿಗೆ ಬಂದಿವೆ. ನಿಮ್ಮ ಮಗುವಿನ ಶಾಲೆಯಲ್ಲಿ ಅದಿದ್ದರೆ, ಬೀಗ ತೆಗೆಯುವುದು ವಾರಕ್ಕೆಷ್ಟು ಸಲ, ಹೆಣ್ಣುಮಕ್ಕಳ ಕೈಗೂ ಸಾಮಾನು ಬರುತ್ತದೆಯೇ ಎಂದು ಕೇಳಿರಿ.

ಒಂದು ಎಚ್ಚರಿಕೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನಾಗಲಿ, ಪಂಪಿನ ಸ್ಟಾರ್ಟರಿನ ತಂತಿಯನ್ನಾಗಲಿ ಬ್ರೆಡ್‌ಬೋರ್ಡಿಗೆ ಎಂದಿಗೂ ತರಕೂಡದು. ಬ್ಯಾಟರಿಯಿಂದಾಚೆಗೆ ಮಕ್ಕಳು ಒಂಟಿಯಾಗಿ ಹೋಗದಂತೆ ಮನೆಯವರೇ ನೋಡಿಕೊಳ್ಳಬೇಕು.